ಅಗಸ್ತ್ಯನಿಗೆ ಎರಡೂವರೆ ಮುಷ್ಟಿ

ದೂರದರ್ಶಕ ಕೊಂಡವರ ಕನಸೆಲ್ಲ ಹೋಗಿ ನಿಲ್ಲುವುದು ಲಡಾಖಿನ ಹಾನ್ಲೆಯಲ್ಲಿ. ಸುಮಾರು 4,500 ಮೀಟರ್ ಎತ್ತರದ ಶೀತ ಮರುಭೂಮಿ, ಒಣ ಗಾಳಿ, 2022ರಲ್ಲಿ ಘೋಷಣೆಯಾದ ಕತ್ತಲ ಆಕಾಶದ ಮೀಸಲು ಪ್ರದೇಶ. ಅಲ್ಲಿನ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಆ ಕತ್ತಲೆಗೆ ನಮ್ಮ ಕತ್ತಲೆ ಸಾಟಿಯಲ್ಲ, ಒಪ್ಪಿದೆ. ಆದರೆ ದಕ್ಷಿಣದ ಆಕಾಶ ಬೇಕೆನ್ನುವವರು ಮಾಗಿಯ ಚಳಿಯಲ್ಲಿ ಹೆಗ್ಗಡದೇವನಕೋಟೆಗೇ ಬರಬೇಕು.

ಲೆಕ್ಕ ಸರಳ. ಕೋಟೆ ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ಹಾನ್ಲೆ ಹತ್ತಿರಹತ್ತಿರ 33ರಲ್ಲಿ. ಲುಬ್ಧಕನನ್ನು ಬಿಟ್ಟರೆ ರಾತ್ರಿಯ ನಕ್ಷತ್ರಗಳಲ್ಲಿ ಅತಿ ಪ್ರಕಾಶದ ಅಗಸ್ತ್ಯ ಅಲ್ಲಿ ದಿಗಂತದಿಂದ ನಾಲ್ಕೂವರೆ ಡಿಗ್ರಿ ಏಳುವುದೇ ಹೆಚ್ಚು. ಗುಡ್ಡ ಅಡ್ಡ ಬಂದರೆ ಅದೂ ಇಲ್ಲ. ನಮ್ಮಲ್ಲಿ 25 ಡಿಗ್ರಿ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಎರಡೂವರೆ ಮುಷ್ಟಿ ಅಳೆದರೆ ಅಗಸ್ತ್ಯ. ಸಂಕ್ರಾಂತಿಯ ಹೊತ್ತಿಗೆ ರಾತ್ರಿ ಹನ್ನೊಂದೂಕಾಲಕ್ಕೆ ಅದು ನೇರ ದಕ್ಷಿಣಕ್ಕೆ ಬಂದಿರುತ್ತದೆ. ಹೀಗೆ ಬರಿಗಣ್ಣಿನಲ್ಲಿ ಗುರುತು ಹಿಡಿಯುವುದು ಮೊದಲು, ದೂರದರ್ಶಕ ಆಮೇಲೆ. ಮೈಸೂರಿನಲ್ಲಿ ನೆಲೆಸಿದ್ದ ಜಿ.ಟಿ. ನಾರಾಯಣರಾಯರ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ.

ಸುತ್ತಲ ತಾಲ್ಲೂಕುಗಳ ಆಕಾಶವೆಲ್ಲ ಒಂದೇ ಅಲ್ಲ. ಕೆ.ಆರ್. ನಗರದವರಿಗೆ ಮೈಸೂರಿನ ಬೆಳಕು ಆಗ್ನೇಯದಲ್ಲಿ ಕೂತು, ದಕ್ಷಿಣದ ನಕ್ಷತ್ರಗಳು ಮೂಡುವ ಮೂಲೆಯನ್ನೇ ತಿನ್ನುತ್ತದೆ. ಹುಣಸೂರಿಗೆ ಪೂರ್ವ ಹೋಯಿತು. ಪಿರಿಯಾಪಟ್ಟಣದ ಬೆಟ್ಟದಪುರದ ಕಡೆ ಉತ್ತರ ಚೆನ್ನ, ದೇವಯಾನಿ ಗೆಲಾಕ್ಸಿ ನೋಡಲು ನಾನು ಅಲ್ಲಿಗೇ ಹೋಗುತ್ತೇನೆ. ಕೋಟೆಗೆ ಮೈಸೂರು ಬೆನ್ನ ಹಿಂದೆ, ಈಶಾನ್ಯಕ್ಕೆ. ಮುಂದೆ ದಕ್ಷಿಣಕ್ಕೆ ಬರೀ ಕಾಡು: ನಾಗರಹೊಳೆ, ಬಂಡೀಪುರ, ಆಚೆ ವಯನಾಡು. ಬಾವಲಿ ಕಡೆಯ ಕಾಡುರಸ್ತೆಯೂ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್ ಆಗಿರುವುದರಿಂದ ವಾಹನಗಳ ಬೆಳಕೂ ಇಲ್ಲ. ಪ್ರಾಣಿಗಳಿಗಾಗಿ ಮಾಡಿದ ಈ ಕಟ್ಟಳೆ ನಕ್ಷತ್ರ ನೋಡುವವರಿಗೂ ದೊಡ್ಡ ಉಪಕಾರ.

ಕಾಡಂಚಿನಲ್ಲಿ ಮಾತ್ರ ನಿಲ್ಲಬೇಡಿ. ಊರೊಳಗೆ, ಪರಿಚಯದವರ ಕಣವೇ ಸರಿ. "ಸಾ, ಆನೆ ಬತ್ತವೆ, ಇತ್ಲಾಗೆ ಬನ್ನಿ" ಎಂದು ರೈತರು ಕರೆದರೆ ಎರಡು ಮಾತಾಡದೆ ಬರಬೇಕು.

ಮರುಭೂಮಿಯವರಿಗೆ ಅಷ್ಟಾಗಿ ಗೊತ್ತಿಲ್ಲದ ಕಷ್ಟ ನಮ್ಮದೊಂದಿದೆ: ಇಬ್ಬನಿ. ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನೆಲ್ಲ ಮೇಲಕ್ಕೆ ಸೂಸಿ, ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ; ಗಾಳಿಯ ತೇವ ಬಂದು ಅದರ ಮೇಲೇ ಕೂರುತ್ತದೆ. ಮೊದಲು ಸಣ್ಣ ನಕ್ಷತ್ರಗಳು ಮಾಯ, ಆಮೇಲೆ ದೊಡ್ಡವುಗಳ ಸುತ್ತ ಮಸುಕು ಬಳೆ. ಬಟ್ಟೆಯಲ್ಲಿ ಒರೆಸಿದರೆ ಗಾಜಿಗೆ ಗೀರು. ಬೈನಾಕ್ಯುಲರ್ ಮುಂದೆ ಫೋಮ್ ಚಾಪೆಯ ತುಂಡನ್ನು ಕೊಳವೆಯಂತೆ ಸುತ್ತಿ, ಗಾಜಿನಿಂದ ಒಂದು ಗೇಣು ಮುಂದಕ್ಕೆ ಬಿಡಿ, ಗಂಟೆಗಟ್ಟಲೆ ತಡೆಯುತ್ತದೆ. ಬಿಡಿ ಐಪೀಸ್‌ಗಳು ಸ್ವೆಟರಿನ ಒಳಜೇಬಿನಲ್ಲಿ ಬೆಚ್ಚಗಿರಲಿ. ಕಬಿನಿ ಹಿನ್ನೀರಿನ ಪಕ್ಕದ ಜಾಗ ಎಷ್ಟೇ ಚಂದವಿರಲಿ, ಬೆಳಗಿನ ಜಾವ ಮಂಜು ಮುಚ್ಚುವುದು ಅಲ್ಲೇ ಮೊದಲು. ನೀರಿನಿಂದ ದೂರ, ಸ್ವಲ್ಪ ದಿಬ್ಬದ ಮೇಲಿನ ಹೊಲ ನೋಡಿಕೊಳ್ಳಿ.

ಇಷ್ಟೆಲ್ಲ ಕಾಯುವುದು ಬೆಳಗಿನ ಐದು ಗಂಟೆಗಾಗಿ. ಆಗ ತ್ರಿಶಂಕು ದಕ್ಷಿಣದಲ್ಲಿ ಸುಮಾರು 18 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಹಾನ್ಲೆಯಲ್ಲಿ ಅದರ ಪಾದದ ನಕ್ಷತ್ರ ಮೂಡುವುದೇ ಇಲ್ಲ. ತ್ರಿಶಂಕುವಿನ ಎಡಕ್ಕೆ, ಇನ್ನಷ್ಟು ಮೇಲೆ, ಬರಿಗಣ್ಣಿಗೆ ಮಸುಕು ಚುಕ್ಕೆಯಾಗಿ ಕಾಣುವುದು ಒಮೇಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದ, ಒಂದು ಕೋಟಿಯಷ್ಟು ನಕ್ಷತ್ರಗಳ ಗುಚ್ಛ. ಎಂಟು ಇಂಚಿನ ದೂರದರ್ಶಕದಲ್ಲಿ ಅದು ಮೊರದಲ್ಲಿ ಸುರಿದ ರಾಗಿ: ನಡುವೆ ಗುಪ್ಪೆ, ಅಂಚಿಗೆ ಬಂದಂತೆ ಬಿಡಿಬಿಡಿ ಕಾಳು. ಏಪ್ರಿಲ್‌ನಲ್ಲಾದರೆ ಇದೇ ಗುಚ್ಛ ನಡುರಾತ್ರಿಗೇ ದಕ್ಷಿಣದಲ್ಲಿ ಪೂರ್ತಿ ಎತ್ತರಕ್ಕೆ ಬರುತ್ತದೆ, ಚಳಿಯೂ ಇರುವುದಿಲ್ಲ. ಆದರೆ ಆ ತಿಂಗಳು ಬೇಸಿಗೆಯ ಧೂಳು, ಮಳೆಗೆ ಮುಂಚಿನ ಮೋಡ. ನನ್ನ ಮತ ಜನವರಿಗೇ, ಅಮಾವಾಸ್ಯೆಯ ಆಚೀಚಿನ ಮೂರ್ನಾಲ್ಕು ರಾತ್ರಿಗೆ.