ಜಾರುವ ಕೆಲಸ ಕ್ಲಚ್ಚಿನದೇ

ಸ್ಪೋರ್ಟ್ಸ್ ಕಾರಿನ ಗೇರ್ ಬಾಕ್ಸ್ ಮುರಿದಾಗ ಎಲ್ಲರೂ ಎಂಜಿನ್ನಿನ ಶಕ್ತಿಯ ಮೇಲೆ ಗೂಬೆ ಕೂರಿಸುತ್ತಾರೆ. ಪಾಪ, ಎಂಜಿನ್ನಿನದು ಅರ್ಧ ತಪ್ಪು ಮಾತ್ರ. 5000 ಆರ್‌ಪಿಎಂಗೆ ಏರಿಸಿ ಕ್ಲಚ್ ಪೆಡಲಿನಿಂದ ಕಾಲು ತಟ್ಟನೆ ಕಿತ್ತರೆ, ಎಂಜಿನ್ನಿನ ಟಾರ್ಕ್ ಜತೆಗೆ ಫ್ಲೈವೀಲು ತಿರುಗುತ್ತಾ ಕೂಡಿಟ್ಟುಕೊಂಡ ಶಕ್ತಿಯೂ ಒಮ್ಮೆಗೇ ಗೇರುಗಳ ಮೇಲೆ ಬೀಳುತ್ತದೆ. ಆ ಗಳಿಗೆಯಲ್ಲಿ ಅದನ್ನು ತಡೆಯುವವು ಎರಡೇ: ಕ್ಲಚ್ಚಿನ ಹಿಡಿತದ ಮಿತಿ, ಟೈರಿನ ಹಿಡಿತದ ಮಿತಿ. ಎರಡರಲ್ಲೊಂದು ಜಾರಿದರೆ ಕಾರು ಬಚಾವ್. ಎರಡೂ ಪಟ್ಟು ಬಿಡದಿದ್ದರೆ ನಡುವಿನ ಉಕ್ಕು ತಲೆ ಕೊಡಬೇಕು.

2007ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಆರ್35 ನಿಸಾನ್ ಜಿಟಿ-ಆರ್ ಈ ಪಾಠಕ್ಕೆ ಹೇಳಿ ಮಾಡಿಸಿದ ಕಾರು. 3.8 ಲೀಟರಿನ ಎರಡು ಟರ್ಬೊ ವಿ6, ನಾಲ್ಕೂ ಚಕ್ರಕ್ಕೆ ಶಕ್ತಿ, ಹಿಂದಿನ ಆಕ್ಸಲ್ ಬಳಿ ಕೂತ ಡ್ಯುಯಲ್ ಕ್ಲಚ್ ಗೇರ್ ಬಾಕ್ಸ್. ಮೊದಲ ಗೇರು, ಡಿಫರೆನ್ಷಿಯಲ್ ಎರಡೂ ಸೇರಿ ಟಾರ್ಕನ್ನು ಸುಮಾರು 15 ಪಟ್ಟು ಹಿಗ್ಗಿಸುತ್ತವೆ. ನಾಲ್ಕು ಅಗಲವಾದ ಟೈರುಗಳು ರಸ್ತೆ ಬಿಡುವುದಿಲ್ಲ. ಸ್ಥಿರತೆ ಕಾಯುವ ವಿಡಿಸಿಯನ್ನು ಆಫ್ ಮಾಡಿದರೆ ಆರಂಭದ ಕಾರುಗಳು ಸುಮಾರು 4500 ಆರ್‌ಪಿಎಂನಿಂದ ನೆಗೆಯುತ್ತಿದ್ದವು. ಅಮೆರಿಕದಲ್ಲಿ ಕೆಲವರ ಗೇರ್ ಬಾಕ್ಸ್ ಹೋಯಿತು. ವಿಡಿಸಿ ಆಫ್ ಮಾಡಿದ್ದಿರಿ, ವಾರಂಟಿ ಇಲ್ಲ ಎಂದಿತು ಕಂಪನಿ. ಆಮೇಲೆ ಹೊಸ ಸಾಫ್ಟ್‌ವೇರ್ ಬಂತು, ನೆಗೆತ ಸುಮಾರು 3000 ಆರ್‌ಪಿಎಂಗೆ ಇಳಿಯಿತು. ತಮಾಷೆಯೆಂದರೆ ಓಟಕ್ಕೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಆ ಹೆಚ್ಚುವರಿ ಅಬ್ಬರ ಯಾರಿಗೆ ಬೇಕಿತ್ತೋ!

ಹಾಗಾದರೆ ಹಾಫ್ ಕ್ಲಚ್ಚಿನಲ್ಲೇ ನಯವಾಗಿ ಹೊರಡೋಣ ಎಂದರೆ ಅದಕ್ಕೂ ಸುಂಕವಿದೆ. ಎಂಜಿನ್ ವೇಗ ಏರಿಳಿಯದಂತೆ ಹಿಡಿದು ಕ್ಲಚ್ ಜಾರಿಸುತ್ತಾ ಹೊರಟರೆ, ಕಾರು ಗಳಿಸುವ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ ಪ್ಲೇಟಿನಲ್ಲಿ ಶಾಖವಾಗುತ್ತದೆ. 1500 ಕಿಲೋ ತೂಕದ ಕಾರು 50 ಕಿ.ಮೀ. ವೇಗ ಮುಟ್ಟುವಾಗ ಅದು ಸುಮಾರು 145 ಕಿಲೋಜೂಲ್. ಅರ್ಧ ಲೀಟರ್ ನೀರು ಕುದಿ ಬರಿಸಲು ಸಾಕು, ಅದೂ ಎರಡು ಮೂರು ಸೆಕೆಂಡಿನಲ್ಲಿ. ಶಿರಾಡಿ ಘಾಟಿಯಲ್ಲಿ ಲೋಡು ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಸುಟ್ಟ ಕ್ಲಚ್ಚಿನ ವಾಸನೆಯ ಪರಿಚಯ ಇದ್ದೇ ಇದೆ. ಆದರೂ ನನ್ನ ಮತ ಇದಕ್ಕೇ. ಪ್ಲೇಟು ಸವೆಯಲೆಂದೇ ಇರುವ ಸಾಮಾನು. ಡಿಫರೆನ್ಷಿಯಲಿನ ಕ್ರೌನ್ ಪಿನಿಯನ್ ಹಾಗಲ್ಲ. ಅನೇಕ ಮ್ಯಾನ್ಯುಯಲ್ ಬಿಎಂಡಬ್ಲ್ಯುಗಳಲ್ಲಿ ಕ್ಲಚ್ ಆಯಿಲ್ ನಿಧಾನವಾಗಿ ಹರಿಯುವಂತೆ ಕಿರುರಂಧ್ರದ ವಾಲ್ವ್ ಒಂದನ್ನು ಇಟ್ಟಿರುತ್ತಿದ್ದರು, ಒರಟು ಕಾಲಿನಿಂದ ಗೇರುಗಳನ್ನು ಕಾಪಾಡಲು. ಕಾರು ಕೊಂಡ ರಸಿಕರು ಮೊದಲು ಕಿತ್ತೆಸೆಯುತ್ತಿದ್ದದ್ದು ಅದನ್ನೇ.

ಎಲ್ಲಕ್ಕಿಂತ ಕ್ರೂರವಾದದ್ದು ವೀಲ್ ಹಾಪ್. ಟೈರು ಹಿಡಿಯುತ್ತದೆ, ಆಕ್ಸಲ್ ಶಾಫ್ಟ್ ತಿರುಚಿಕೊಳ್ಳುತ್ತದೆ, ಟೈರು ಜಾರುತ್ತದೆ, ಶಾಫ್ಟ್ ಬಿಚ್ಚಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಬಾರಿ ಹೀಗೆ ಬಡಿದರೆ ಸಿವಿ ಜಾಯಿಂಟು, ಡಿಫರೆನ್ಷಿಯಲ್ ಹಲ್ಲು ಯಾವುದೂ ಉಳಿಯದು. ಮೊದಲ ಪೀಳಿಗೆಯ ಕ್ಯಾಡಿಲಾಕ್ ಸಿಟಿಎಸ್-ವಿ ಈ ಕುಣಿತಕ್ಕೇ ಕುಖ್ಯಾತಿ ಪಡೆದದ್ದು. 2009ರ ಹೊಸ ಪೀಳಿಗೆಗೆ ಎಂಜಿನಿಯರುಗಳು ಹುಡುಕಿದ ಮದ್ದು ಸೊಗಸಾಗಿತ್ತು: ಎಡ, ಬಲ ಆಕ್ಸಲ್ ಶಾಫ್ಟುಗಳ ದಪ್ಪವನ್ನೇ ಬೇರೆ ಬೇರೆ ಮಾಡಿದರು. ಎರಡರ ಕಂಪನದ ಲಯ ಹೊಂದದಿದ್ದರೆ ಕುಣಿತ ಬೆಳೆಯುವುದಿಲ್ಲ. ಶಾಫ್ಟನ್ನು ಬರೀ ದಪ್ಪ ಮಾಡುವುದಕ್ಕಿಂತ ಇದು ಎಷ್ಟೋ ಜಾಣತನದ ಕೆಲಸ. ಚಾಲಕನ ಕಡೆಯಿಂದ ಇರುವ ಮದ್ದು ಒಂದೇ: ಚಕ್ರ ಕುಣಿಯತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಡುವುದು.

ಕ್ಲಚ್ ಜಾರುತ್ತಿದೆ ಎಂದು ಸಿರಾಮಿಕ್ ಪ್ಲೇಟು, ಬಿಗಿ ಪ್ರೆಷರ್ ಪ್ಲೇಟು ಹಾಕಿಸಿ, ಜತೆಗೆ ಡ್ರ್ಯಾಗ್ ಟೈರನ್ನೂ ತೊಡಿಸಲು ಹೊರಟವರು ಗ್ಯಾರೇಜಿಗೆ ಹೋಗುವ ಮೊದಲು ಗೇರ್ ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನ ಬೆಲೆ ವಿಚಾರಿಸಿಕೊಂಡಿರಲಿ. ಅಂಥ ಕಾರಿನಲ್ಲಿ ಜಾರಲು ಇನ್ನೇನೂ ಉಳಿದಿರುವುದಿಲ್ಲ.