ಟೀ ಟವೆಲಿನ ಮೇಲೊಂದು ಕಡಲತೀರ

ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಪಿಂಗಾಣಿ, ಗಾಜಿನ ಪಾತ್ರೆ ಒರೆಸುವ ಬಟ್ಟೆಗೆ ಟೀ ಟವೆಲ್ ಎನ್ನುತ್ತಾರೆ. ಹಳೆಯ ರೈಲ್ವೆ ಪೋಸ್ಟರುಗಳ ಚಿತ್ರ ಹೊತ್ತ ಟೀ ಟವೆಲುಗಳೆಂದರೆ ನನಗೆ ಅಚ್ಚುಮೆಚ್ಚು.

ಸ್ಕೆಗ್ನೆಸ್ ಎಂಬ ಕಡಲೂರಿನ ಮೀನುಗಾರನನ್ನೇ ನೋಡಿ. ಆ ಊರಿಗೆ ಪ್ರವಾಸಿಗರನ್ನು ಸೆಳೆಯಲೆಂದು ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಗಾಗಿ 1908ರಲ್ಲಿ ಜಾನ್ ಹಸಾಲ್ ಬರೆದ ಚಿತ್ರವಿದು. ದಢೂತಿ ಮೈ, ಬಾಯಲ್ಲಿ ಪೈಪು, ಕಾಲಿಗೆ ದೊಡ್ಡ ಬೂಟು. ಎರಡೂ ಕೈ ಚಾಚಿ ಮರಳಿನ ಮೇಲೆ ಕುಣಿಯುತ್ತ ಬರುತ್ತಾನೆ. ಹಸಾಲ್‌ಗೆ ಸಿಕ್ಕ ಸಂಭಾವನೆ 12 ಗಿನಿ. ಆ ಊರಿಗೆ ಆತ ಮೊದಲ ಬಾರಿ ಕಾಲಿಟ್ಟದ್ದು 1936ರಲ್ಲಿ.

ಈ ಚಿತ್ರಗಳು ಬಟ್ಟೆಗೆ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಕಾರಣವಿದೆ. ಪೋಸ್ಟರುಗಳು ಅಚ್ಚಾದದ್ದು ಲಿಥೋಗ್ರಫಿಯಲ್ಲಿ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಅಥವಾ ತಗಡು. ಬಟ್ಟೆಯ ಸ್ಕ್ರೀನ್ ಪ್ರಿಂಟಿಂಗ್‌ನಲ್ಲೂ ಬಣ್ಣಕ್ಕೊಂದು ಸ್ಕ್ರೀನ್. ಅವಸರದ ಪ್ರಯಾಣಿಕರ ಕಣ್ಣಿಗೆ ದೂರದಿಂದಲೇ ಬೀಳಬೇಕೆಂದು ಕಲಾವಿದರು ಸಣ್ಣಪುಟ್ಟ ವಿವರ ಬಿಟ್ಟು ದಟ್ಟ ಬಣ್ಣಗಳನ್ನು ನೆಚ್ಚಿದರು. ಟಾಮ್ ಪರ್ವಿಸ್ ಇದರಲ್ಲಿ ಎತ್ತಿದ ಕೈ. ಗೆರೆಗಳ ಹಂಗಿಲ್ಲದೆ, ಬಣ್ಣದ ಹರವಿನಿಂದಲೇ ಬಿಸಿಲು ನೆರಳು ತೋರಿಸಿದವನು. 1931ರ ಅವನ ಆರು ಪೋಸ್ಟರುಗಳನ್ನು ಸಾಲಾಗಿ ಜೋಡಿಸಿದರೆ ಒಂದೇ ಉದ್ದನೆಯ ಕಡಲತೀರವಾಗುತ್ತದೆ! ಇಂಥ ಚಿತ್ರ ಒರಟು ನೇಯ್ಗೆಯ ಮೇಲೂ ಕಳೆಗುಂದುವುದಿಲ್ಲ.

ಒಳ್ಳೆಯ ಲಿನನ್ ಬಟ್ಟೆ ಗಾಜಿನ ಮೇಲೆ ಎಳೆ ಬಿಡುವುದಿಲ್ಲ, ಒಗೆದಷ್ಟೂ ಮೆತ್ತಗಾಗುತ್ತದೆ. ಮೂಲ ಪೋಸ್ಟರುಗಳನ್ನು ಹೇಗೂ ಯಾರ್ಕಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಜೋಪಾನ ಮಾಡಿದೆ. ಬೀದಿಯ ಜನಕ್ಕೆಂದೇ ಹುಟ್ಟಿದ ಈ ಕಲೆ ಮನೆಮನೆಯಲ್ಲಿ ದುಡಿಯಬೇಕು. ಹಾಗಾಗಿ ಇಂಥ ಟವೆಲ್ ಸಿಕ್ಕರೆ ಫ್ರೇಮು ಹಾಕಿಸಬೇಡಿ, ಧಾರಾಳವಾಗಿ ಬಳಸಿ.