ಬ್ರೇಕ್ ಇಲ್ಲದ ಡೇಡಲಸ್

ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯ ಒಂದು ಡಜನ್ ಆಸುಪಾಸಿನ ಸ್ವಯಂಸೇವಕರು 1973ರಿಂದ 1978ರವರೆಗೆ ಕೂತು ಬರೆದ 'ಪ್ರಾಜೆಕ್ಟ್ ಡೇಡಲಸ್' ವರದಿಯನ್ನು ವೈಜ್ಞಾನಿಕ ಕಥೆಯ ಹಾಗೆ ಮೆಚ್ಚುವವರೇ ಹೆಚ್ಚು. ನಾನು ಅದನ್ನು ಪ್ರಾಜೆಕ್ಟ್ ಪ್ಲಾನ್ ಆಗಿ ಓದಿದೆ. ಹೊಟ್ಟೆಪಾಡಿನ ಚಾಳಿ, ಬಿಡದು.

ಸುಮಾರು ಆರು ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರಕ್ಕೆ ಮನುಷ್ಯರಿಲ್ಲದ ನೌಕೆ. ತೂಕ 54,000 ಟನ್, ಅದರಲ್ಲಿ 50,000 ಟನ್ ಇಂಧನವೇ. ಡ್ಯೂಟೀರಿಯಂ ಮತ್ತು ಹೀಲಿಯಂ-3 ತುಂಬಿದ ಗುಳಿಗೆಗಳನ್ನು ಸೆಕೆಂಡಿಗೆ 250ರಂತೆ ಎಲೆಕ್ಟ್ರಾನ್ ಕಿರಣಗಳಿಂದ ಸಿಡಿಸುತ್ತ, ನಾಲ್ಕು ವರ್ಷದೊಳಗೆ ಬೆಳಕಿನ ವೇಗದ ಶೇ. 12 ಮುಟ್ಟಬೇಕು. ಒಟ್ಟು ಪ್ರಯಾಣ ಸುಮಾರು 50 ವರ್ಷ.

ಹೀಲಿಯಂ-3 ಯಾಕೆ? ಸುಲಭವಾಗಿ ಹೊತ್ತಿಕೊಳ್ಳುವ ಡ್ಯೂಟೀರಿಯಂ-ಟ್ರೀಟಿಯಂ ಜೋಡಿಯಲ್ಲಿ ಶೇ. 80ರಷ್ಟು ಶಕ್ತಿ ನ್ಯೂಟ್ರಾನ್‌ಗಳ ಪಾಲಾಗುತ್ತದೆ. ಅವಕ್ಕೆ ವಿದ್ಯುದಾವೇಶವಿಲ್ಲ, ಅಯಸ್ಕಾಂತದಿಂದ ಹಿಂದಕ್ಕೆ ತಿರುಗಿಸಿ ನೌಕೆಯನ್ನು ತಳ್ಳಿಸಿಕೊಳ್ಳಲಾಗದು. ಲೇಖಕರ ಆಯ್ಕೆ ಸರಿಯಾಗಿದೆ. ಆದರೆ ಆ ಹೀಲಿಯಂ ಭೂಮಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗುರುಗ್ರಹದ ವಾತಾವರಣದಲ್ಲಿ ತೇಲುವ ಕಾರ್ಖಾನೆಗಳು 20 ವರ್ಷ ಅದನ್ನು ಸೋಸಿ ತೆಗೆಯುತ್ತವಂತೆ! ನೌಕೆಗಿಂತ ದೊಡ್ಡ ಪ್ರಾಜೆಕ್ಟ್ ಇದೇ. ಅದನ್ನು ಬರೀ 'ಪೂರ್ವಸಿದ್ಧತೆ' ಎನ್ನಲು ನಾನಂತೂ ಒಪ್ಪಲಾರೆ.

ಗುಳಿಗೆಯ ಲೆಕ್ಕವನ್ನೂ ನೋಡಿ. ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ 2022ರ ಡಿಸೆಂಬರ್‌ನಲ್ಲಿ ಒಂದು ಗುಳಿಗೆಗೆ 2.05 ಮೆಗಾಜೂಲ್ ಲೇಸರ್ ಶಕ್ತಿ ಹೊಡೆದು 3.15 ಮೆಗಾಜೂಲ್ ಪಡೆಯಿತು. ಲೇಸರ್‌ಗಳು ಗ್ರಿಡ್‌ನಿಂದ ಎಳೆದದ್ದು ಸುಮಾರು 300. ಅದೂ ಸುಲಭದ ಇಂಧನದಲ್ಲಿ, ಒಂದೇ ಒಂದು ಸಲ.

ನನ್ನ ದೊಡ್ಡ ತಕರಾರು ಬೇರೆ. ಡೇಡಲಸ್ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಬ್ರೇಕ್ ಹಾಕುವ ಇಂಧನವನ್ನೂ ಮೊದಲು ವೇಗಕ್ಕೆ ಏರಿಸಬೇಕು. ತೂಕ ಹತ್ತಾರು ಪಟ್ಟು ಏರುತ್ತದೆ. ಹಾಗಾಗಿ ಭೂಮಿಗೂ ಸೂರ್ಯನಿಗೂ ಇರುವಷ್ಟು ಅಂತರವನ್ನು ಅದು ಅಲ್ಲಿ ಸುಮಾರು 70 ನಿಮಿಷದಲ್ಲಿ ದಾಟಿಬಿಡುತ್ತದೆ. ಅರ್ಧ ಶತಮಾನ ಕಾದವರಿಗೆ ಸಿಗುವುದು ಅಷ್ಟು. ಮುಂಚೆಯೇ ಬಿಡುಗಡೆಯಾಗುವ 18 ಉಪನೌಕೆಗಳೂ ಅದೇ ಓಟದಲ್ಲಿ ಹಾದುಹೋಗುತ್ತವೆ. ಬರ್ನಾರ್ಡನ್ನು ಆರಿಸಲು ಒಂದು ಕಾರಣ ವ್ಯಾನ್ ಡಿ ಕ್ಯಾಂಪ್ ಅಲ್ಲಿ ಕಂಡೆನೆಂದ ಗ್ರಹಗಳು. ಅವು ಇರಲೇ ಇಲ್ಲ.

ಆದರೂ ಈ ವರದಿಯನ್ನು ನಮ್ಮ ಓದುಗರಿಗೆ ಶಿಫಾರಸು ಮಾಡುತ್ತೇನೆ. ಅದರಲ್ಲಿ ಪ್ರತಿ ಆಸೆಗೂ ಒಂದು ಅಂಕಿಯಿದೆ, ಹಿಡಿದು ಜಗಳವಾಡಬಹುದು. ಆತುರದವರು ದಾರಿಯಲ್ಲೇ ನೌಕೆಯನ್ನು ರಿಪೇರಿ ಮಾಡುವ 'ವಾರ್ಡನ್' ರೋಬಾಟ್‌ಗಳ ಭಾಗವನ್ನಾದರೂ ಓದಿ. ಮೆಂಟೆನೆನ್ಸ್ ಬಗ್ಗೆ ಅಷ್ಟು ತಲೆಕೆಡಿಸಿಕೊಂಡ ಕನಸುಗಾರರನ್ನು ನಾನು ಬೇರೆಲ್ಲೂ ಕಂಡಿಲ್ಲ.